ದೂರದರ್ಶನದ ದಶಕ ಮತ್ತು ನಮ್ಮೂರು

ಟಿ.ವಿ.ಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೆಹಲಿಯಿಂದ ಶುರು ಮಾಡುತ್ತಾರೆ. 1959ರ ಸೆಪ್ಟೆಂಬರ್ 15ರಂದು ಅಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾಯಿತು, 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು ಎಂದು ಬರೆಯುತ್ತಾರೆ. ಹಳ್ಳಿಯ ಲೆಕ್ಕ ಬೇರೆ. ನಮ್ಮ ಪಾಲಿಗೆ ಟಿ.ವಿ. ಹುಟ್ಟಿದ್ದು ಅದು ನಮ್ಮ ಓಣಿಗೆ ಬಂದ ದಿನ. ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ ಬೆಳೆದ ನಮಗೆ ಆ ದಿನ ಎಂಬತ್ತರ ದಶಕದ ಕೊನೆಗೆ ಬಂತು. ಆಗ ನಮ್ಮ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ಕರ್ನಾಟಕದ ಮಟ್ಟಿಗೆ ಒಂದು ಸೋಜಿಗವನ್ನು ನೆನೆಯಬೇಕು. ಇಲ್ಲಿ ಟಿ.ವಿ.ಯನ್ನು ಬೆಂಗಳೂರಿಗಿಂತ ಮೊದಲು ಹಳ್ಳಿಗಳು ನೋಡಿದವು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸುವ ಪ್ರಯೋಗ ನಡೆಯಿತು. ‘ಸೈಟ್’ ಎಂದು ಹೆಸರಾದ ಈ ಯೋಜನೆಯಲ್ಲಿ ನಮ್ಮ ರಾಜ್ಯದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿದ್ದವು. ಒಕ್ಕಲುತನ, ಆರೋಗ್ಯದ ಮಾತುಗಳು ಅಲ್ಲಿನ ರೈತರಿಗೆ ಕನ್ನಡದಲ್ಲೇ ತಲುಪಿದವು. ಬೆಂಗಳೂರು ದೂರದರ್ಶನ ಕೇಂದ್ರ ಕಣ್ಣು ತೆರೆದದ್ದು 1981ರ ನವೆಂಬರ್‌ನಲ್ಲಿ.

ಆದರೆ ಎಂಬತ್ತರ ದಶಕದ ಟಿ.ವಿ. ಬೇರೆ ದಾರಿ ಹಿಡಿಯಿತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಬಳಿಕ, ಕೆಲಕಾಲ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಈ ಚಿಕ್ಕ ಕೇಂದ್ರಗಳ ಶಕ್ತಿ 100 ವ್ಯಾಟ್. ಸುತ್ತಲಿನ 25 ಕಿಲೋಮೀಟರ್‌ವರೆಗೆ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ಅವುಗಳಿಗೆ ಸ್ವಂತ ಸ್ಟುಡಿಯೋ ಇರಲಿಲ್ಲ. ದೆಹಲಿ ಕಳಿಸಿದ್ದನ್ನು ಹಿಡಿದು ಮತ್ತೆ ಬಿಡುವುದಷ್ಟೇ ಅವುಗಳ ಕೆಲಸ. ಹೀಗಾಗಿ ಬೆಂಗಳೂರಿನವರು ‘ಚಿತ್ರಮಂಜರಿ’ಯಲ್ಲಿ ಕನ್ನಡ ಹಾಡು ನೋಡುತ್ತಿದ್ದ ಕಾಲಕ್ಕೆ, ಅಚ್ಚ ಕನ್ನಡ ನಾಡಾದ ನಮ್ಮ ಕಡೆ ಟಿ.ವಿ. ಎಂದರೆ ಹಿಂದಿ ಎಂದಾಗಿತ್ತು.

ಟಿ.ವಿ. ಬರುವ ಮೊದಲು ನಮ್ಮ ಊರುಗಳು ಮನರಂಜನೆಯಿಲ್ಲದೆ ಬಡವಾಗಿದ್ದವೆಂದು ತಿಳಿಯಬೇಕಿಲ್ಲ. 1950ರಿಂದ ಧಾರವಾಡ ಆಕಾಶವಾಣಿ ಇತ್ತು. ನೆರೆಯ ಗುಡಗೇರಿಯ ಹೆಸರು ಹೊತ್ತ ನಾಟಕ ಕಂಪನಿ ಜಾತ್ರೆಯಿಂದ ಜಾತ್ರೆಗೆ ಡೇರೆ ಹಾಕುತ್ತಿತ್ತು. ಸುಗ್ಗಿ ಮುಗಿದ ಮೇಲೆ ದೊಡ್ಡಾಟ. ಮೊಹರಂನಲ್ಲಿ ಹೆಜ್ಜೆಮೇಳ, ರಿವಾಯತ್ ಪದ. ಕರ್ಬಲಾದ ಹಸನ್ ಹುಸೇನರ ಕಥೆಯನ್ನು ಲಿಂಗಾಯತರ, ಕುರುಬರ, ಬ್ಯಾಡರ ಹುಡುಗರು ಕನ್ನಡದಲ್ಲಿ ಹಾಡುತ್ತಿದ್ದರು. ಶಿಶುನಾಳ ಶರೀಫಜ್ಜನ ಊರೂ ನಮ್ಮ ತಾಲ್ಲೂಕಿನದೇ. ಆತನ ಪದಗಳನ್ನು ಏಕತಾರಿ ಹಿಡಿದವರ ಬಾಯಿಂದ ಕೇಳಿದವರು ನಾವು. ಇವೆಲ್ಲಕ್ಕೆ ಒಂದು ಸಮಾನ ಗುಣವಿತ್ತು. ಹಾಡುವವನನ್ನು ತಡೆದು ‘ಅದನ್ನ ಇನ್ನೊಮ್ಮೆ ಹೇಳಪಾ’ ಎನ್ನಬಹುದಿತ್ತು. ಟಿ.ವಿ.ಯನ್ನು ಹಾಗೆ ತಡೆಯಲು ಬರುತ್ತಿರಲಿಲ್ಲ.

ನಮ್ಮ ಓಣಿಗೆ ಬಂದ ಮೊದಲ ಟಿ.ವಿ. ಕಪ್ಪು ಬಿಳುಪಿನದು, ಬಾಗಿಲಿದ್ದ ಕಟ್ಟಿಗೆಯ ಪೆಟ್ಟಿಗೆ. ಒಂದು ಲಿಂಗಾಯತ ಮನೆಯವರು ತಂದದ್ದು. ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಚ್ಚಿ, ಹುಬ್ಬಳ್ಳಿಯ ದಿಕ್ಕಿಗೆ ತಿರುಗಿಸಿದ್ದರು. ಮಾಳಿಗೆಯ ಮೇಲೊಬ್ಬ ಕಂಬ ತಿರುಗಿಸುವವ, ಅಂಗಳದಲ್ಲೊಬ್ಬ ‘ಬಂತು ಬಂತು, ಹೋತು’ ಎಂದು ಕೂಗುವವ. ಗಾಳಿ ಬೀಸಿದರೆ ಭೀಷ್ಮನ ಮುಖದ ಮೇಲೆ ಇರುವೆ ಹರಿದಾಡುತ್ತಿದ್ದವು.

ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿಯಿಂದ 1988ರ ಜುಲೈವರೆಗೆ, ಬಿ.ಆರ್. ಚೋಪ್ರಾರ ‘ಮಹಾಭಾರತ’ 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ಬಂದವು. ಭಾನುವಾರ ಮುಂಜಾನೆ ಆ ಮನೆಯ ಪಡಸಾಲೆ ತುಂಬುತ್ತಿತ್ತು. ನಾವು ಆಗ ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮನೆಯಲ್ಲಿ ಅಬ್ಬಾ ‘ಟಿ.ವಿ. ನೋಡಿದರ ಕಣ್ಣೂ ಕೆಡ್ತಾವ, ಮನಸ್ಸೂ ಕೆಡತೈತಿ’ ಎನ್ನುತ್ತಿದ್ದರು. ಆದರೂ ಆ ಮನೆಯ ಅಜ್ಜಿ ಹೇಳಿ ಕಳಿಸುತ್ತಿದ್ದಳು: ‘ಸಾಬರ ಹುಡುಗನ್ನ ಕರೀರಿ, ಅಂವ ಬರದಿದ್ರ ನಮಗೇನ ತಿಳೀತೈತಿ?’ ಅಜ್ಜಿಯ ಕಾಲ ಬಳಿ ನಮ್ಮ ಜಾಗ. ಪ್ರತಿ ಮಾತಿಗೂ ‘ಏನಂತಾನ ತಮ್ಮಾ ಅಂವ?’ ಎಂಬ ಪ್ರಶ್ನೆ.

ಇಲ್ಲೊಂದು ತಮಾಷೆಯಿತ್ತು. ಉರ್ದು ಬಲ್ಲ ನಮಗೆ ‘ಮಹಾಭಾರತ’ದ ಹಿಂದಿಯ ಕ್ರಿಯಾಪದಗಳು ತಿಳಿಯುತ್ತಿದ್ದವು, ಸಂಸ್ಕೃತದ ಪದಗಳು ತಿಳಿಯುತ್ತಿರಲಿಲ್ಲ. ಅಜ್ಜಿಗೆ ‘ಪ್ರತಿಜ್ಞೆ’, ‘ಸಿಂಹಾಸನ’, ‘ವಸ್ತ್ರಾಪಹರಣ’ ಎಲ್ಲ ಗೊತ್ತು, ಉಳಿದದ್ದು ಗೊತ್ತಿಲ್ಲ. ‘ಏನೋ ಮಾಡೇ ಮಾಡ್ತೀನಿ ಅಂತಾನ ಅಜ್ಜಿ’ ಎಂದು ನಾವು ಹೇಳಿದರೆ, ‘ಪ್ರತಿಜ್ಞೆ ಮಾಡಾಕತ್ತಾನ ಬಿಡು’ ಎಂದು ಅವಳು ಮುಗಿಸುತ್ತಿದ್ದಳು. ಒಂದು ವಾಕ್ಯ ಪೂರ್ತಿಯಾಗಲು ಇಬ್ಬರೂ ಬೇಕಿತ್ತು. ಕಥೆಯನ್ನೂ ನಾವು ಕಲಿತದ್ದು ಹೀಗೆಯೇ, ಅರ್ಧ ಟಿ.ವಿ.ಯಿಂದ, ಅರ್ಧ ಅಜ್ಜಿಯಿಂದ. ಕುಮಾರವ್ಯಾಸನ ಕೋಳಿವಾಡ ನಮ್ಮ ಸೀಮೆಯದೇ. ಪುರಾಣ ಕೇಳಿ ಬೆಳೆದಿದ್ದ ಅಜ್ಜಿ ಆಗಾಗ ಟಿ.ವಿ.ಯನ್ನೇ ತಿದ್ದುತ್ತಿದ್ದಳು. ‘ಕರ್ಣ ಹಂಗ ಮಾತಾಡೂದಿಲ್ಲೋ, ಇವ್ರು ತಪ್ಪ ಮಾಡ್ಯಾರ’ ಎನ್ನುತ್ತಿದ್ದಳು.

ಆ ಧಾರಾವಾಹಿಗೆ ಸಂಭಾಷಣೆ ಬರೆದವರು ಡಾ. ರಾಹಿ ಮಾಸೂಮ್ ರಜಾ, ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಗಂಗೌಲಿಯವರು, ‘ಆಧಾ ಗಾಂವ್’ ಕಾದಂಬರಿಯ ಲೇಖಕರು. ಇದು ನಮಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಮುಸ್ಲಿಂ ಲೇಖಕನೊಬ್ಬ ಬರೆದ ಮಹಾಭಾರತವನ್ನು ಮುಸ್ಲಿಂ ಹುಡುಗನೊಬ್ಬ ಲಿಂಗಾಯತ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದ ಎಂಬುದು ಅಂದು ಯಾರಿಗೂ ವಿಶೇಷವೆನಿಸಿರಲಿಲ್ಲ. ಇಂದು ಅದನ್ನು ವಿಶೇಷವೆಂದು ಬರೆಯಬೇಕಾಗಿ ಬಂದಿದೆ.

ಹಾಗೆಂದು ಆ ದಶಕವನ್ನು ಬರಿ ಹಂಬಲದಿಂದ ನೋಡುವುದು ಸರಿಯಲ್ಲ. ಒಂದೇ ಪರದೆ ದೇಶವನ್ನೆಲ್ಲ ಒಂದೆಡೆ ಕೂರಿಸಿತು, ನಿಜ. ಆದರೆ ಹತ್ತು ಬಗೆಯ ರಾಮಾಯಣ ಭಾರತಗಳಿದ್ದ ಕಡೆ ಒಂದೇ ಬಗೆಯದನ್ನು ಅದು ಗಟ್ಟಿ ಮಾಡಿತು. ದೊಡ್ಡಾಟದ ಭೀಮ ನಮ್ಮೂರ ಒಕ್ಕಲಿಗನ ಹಾಗೆ ಮಾತಾಡುತ್ತಿದ್ದ. ಟಿ.ವಿ. ನೋಡಿದ ಹುಡುಗರು ಅವನನ್ನು ಕಂಡು ನಗತೊಡಗಿದರು. ದೇವರ ಮುಖ, ಕಿರೀಟ, ಉಡುಪುಗಳೆಲ್ಲ ಮುಂಬಯಿಯ ಅಚ್ಚಿನಲ್ಲಿ ಬಂದವು. ಅದೇ ವರ್ಷಗಳಲ್ಲಿ ಅಯೋಧ್ಯೆಯ ಚಳವಳಿ ಬಲಿಯುತ್ತಿತ್ತು. ಧಾರಾವಾಹಿಯೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮನೆಮನೆಯ ಭಕ್ತಿಯಿಂದ ನೋಡಿದ ಚಿತ್ರಗಳನ್ನು ರಾಜಕಾರಣ ಬಳಸಿಕೊಂಡಿತು. ನೋಡಿದವರ ಭಕ್ತಿ ಬೇರೆ, ಬಳಸಿದವರ ಲೆಕ್ಕ ಬೇರೆ. ಅಜ್ಜಿಯನ್ನು ಕಂಡ ನಾವು ಇವೆರಡನ್ನು ಒಂದು ಮಾಡಲಾರೆವು.

ಚರಿತ್ರೆಯ ವಿಷಯದಲ್ಲೂ ಹೀಗೆಯೇ ಆಯಿತು. ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ 1990ರ ಫೆಬ್ರವರಿಯಿಂದ ಪ್ರಸಾರವಾಯಿತು. ಅದರ ಹಿಂದೆ ದೊಡ್ಡ ದುರಂತವಿತ್ತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತಿದ್ದರು. ಪ್ರಸಾರಕ್ಕೆ ವಿರೋಧ ಬಂದು ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಇದು ಕಾಲ್ಪನಿಕ ಕಥೆ ಎಂಬ ಸೂಚನೆಯೊಂದಿಗೆ ಧಾರಾವಾಹಿ ಮುಂದುವರಿಯಿತು. ಸಮುದಾಯದ ಮನೆಗಳಲ್ಲಿ ಹಿರಿಯರ ಟಿ.ವಿ. ವಿರೋಧ ಕರಗಿದ್ದು ಆಗಲೇ. ‘ಮನಸ್ಸು ಕೆಡತೈತಿ’ ಎನ್ನುತ್ತಿದ್ದ ಅಬ್ಬಾ ತಾವೇ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಅವರ ಮುಖದಲ್ಲಿ ಕಂಡ ಬಿಗುಮಾನ ನಮಗೆ ಹೊಸದಾಗಿತ್ತು.

ಆದರೆ ನಮ್ಮ ಮಗ್ಗುಲಿನ ಸವಣೂರಿನ ಚರಿತ್ರೆಯಲ್ಲಿ ಟಿಪ್ಪು ಬೇರೆಯಾಗಿ ಬರುತ್ತಾನೆ. ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನ ಮನೆತನದೊಂದಿಗೆ ಹೈದರಾಲಿ ಕೊಟ್ಟು ತರುವ ಸಂಬಂಧ ಬೆಳೆಸಿದ್ದ. ಅದೇ ನವಾಬ 1786ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಹೆದರಿ ಊರು ಬಿಟ್ಟು ಮರಾಠರ ಆಶ್ರಯ ಪಡೆಯಬೇಕಾಯಿತು. ಪಠಾಣ ನವಾಬ ಮರಾಠರ ಕಡೆ, ಎದುರಿಗೆ ಟಿಪ್ಪು. ಇದನ್ನು ಹಿಂದೂ ಮುಸ್ಲಿಂ ಎಂಬ ಎರಡು ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲ. ಪರದೆಯ ಟಿಪ್ಪು ನಮಗೆ ಬಿಗುಮಾನ ಕೊಟ್ಟ, ಸವಣೂರಿನ ಈ ಸಿಕ್ಕುಗಳನ್ನು ಮರೆಸಿದ. ಮುಂದೆ ಟಿಪ್ಪುವಿನ ಬಗ್ಗೆ ಎದ್ದ ಜಗಳಗಳಲ್ಲಿ ಎರಡೂ ಕಡೆಯವರು ಸರಳ ಟಿಪ್ಪುವನ್ನೇ ಹಿಡಿದು ಎಳೆದಾಡಿದರು.

1994ರಲ್ಲಿ ಉದಯ ಟಿ.ವಿ. ಬಂತು. ಹಿಂದೆಯೇ ಕೇಬಲ್ಲು, ಆಮೇಲೆ ಡಿಶ್ಶು. ಕನ್ನಡ ಮನೆಮನೆಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಪಡಸಾಲೆಯ ಜನ ತಂತಮ್ಮ ಮನೆ ಸೇರಿದರು, ಕೇಳಿ ಹೇಳುವ ಕೆಲಸ ಮುಗಿಯಿತು. 2011ರಲ್ಲಿ ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾವು ಓಣಿಯಲ್ಲಿ ಕೇಳಿದ ಪದಗಳು ಈಗ ಅಧ್ಯಯನದ ವಿಷಯ.

2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮತ್ತೆ ತೋರಿಸಿತು. ಆ ಬೇಸಿಗೆಯಲ್ಲಿ ಹೊಸ ‘ಮಹಾಭಾರತ’ವೊಂದು ಕನ್ನಡಕ್ಕೇ ಡಬ್ ಆಗಿ ಬಂತು. ಇನ್ನು ಯಾವ ಅಜ್ಜಿಗೂ ಸಾಬರ ಹುಡುಗ ಬೇಕಿರಲಿಲ್ಲ. ಅದೇ ದಿನಗಳಲ್ಲಿ ಕೆಲವು ಸುದ್ದಿ ವಾಹಿನಿಗಳು ತಬ್ಲೀಗ್ ಸಭೆಯ ನೆಪದಲ್ಲಿ ಇಡೀ ಸಮುದಾಯವನ್ನು ರೋಗ ಹರಡುವವರೆಂದು ಹಗಲಿರುಳು ಚಿತ್ರಿಸಿದವು. ಆ ಸಭೆಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ಹೇಳಿತು. ಅಷ್ಟರಲ್ಲಿ ತರಕಾರಿ ಗಾಡಿಯವರನ್ನು ಹೆಸರು ಕೇಳಿ ತಿರುಗಿಸಿ ಕಳಿಸಿದ್ದೂ ಆಗಿತ್ತು.

ಒಂದು ಸಂಜೆ ಆ ಅಜ್ಜಿಯ ಮೊಮ್ಮಗನ ಫೋನು ಬಂತು. ‘ಕಾಕಾ, ಟಿ.ವಿ.ಯೊಳಗ ಹಿಂಗ ಹೇಳಾಕತ್ತಾರಲ್ಲ, ಖರೇನ?’ ಎಂದ. ಪ್ರಶ್ನೆ ನಮಗೆ ಮೊದಲು ನೋವು ಕೊಟ್ಟಿತು. ಆಮೇಲೆ, ಇವನ ಅಜ್ಜಿಯೂ ಹೀಗೇ ಕೇಳುತ್ತಿದ್ದಳಲ್ಲ ಎಂಬ ನೆನಪಾಯಿತು. ಟಿ.ವಿ. ಹೇಳಿದ್ದನ್ನು ಅಲ್ಲಿಗೇ ಬಿಡದೆ, ಮಗ್ಗುಲಲ್ಲಿದ್ದವರನ್ನು ಕೇಳಿ ನೋಡುವ ರೂಢಿ ಆ ಮನೆಯಲ್ಲಿ ಉಳಿದಿತ್ತು. ಅರ್ಧ ತಾಸು ಕೂತು ಅವನಿಗೆ ಬಿಡಿಸಿ ಹೇಳಿದೆವು.