ವಾದವೂ ಮತಿಪರಿವರ್ತನೆಯೂ: ಅಬ್ಬಲೂರು ಶಾಸನ ಮತ್ತು ಮಹಾಬಲ ಕಥಾನಕದ ಸಾಕ್ಷ್ಯ

ಆತ್ಮ, ಪರಲೋಕ, ಸರ್ವಜ್ಞ ಇವುಗಳನ್ನು ಒಪ್ಪುವವರಿಗೂ ಒಪ್ಪದವರಿಗೂ ನಡೆದ ವಾದಗಳ ಉಲ್ಲೇಖಗಳು ಜೈನ ಶಾಸನಗಳಲ್ಲಿಯೂ ಪ್ರಬಂಧಗಳಲ್ಲಿಯೂ ಹೇರಳವಾಗಿವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯೊಂದನ್ನು ಓದಿದರೂ ಸಾಕು. ಆಚಾರ್ಯಪರಂಪರೆಯೆಂಬುದು ಬಹುಮಟ್ಟಿಗೆ ವಾದಿಗಳ ಪರಂಪರೆಯೇ ಎಂಬಂತೆ ತೋರುತ್ತದೆ. ಸಮಂತಭದ್ರರು ಪಾಟಲಿಪುತ್ರದಿಂದ ಕಾಂಚಿಯವರೆಗೆ ವಾದಭೇರಿಯನ್ನು ಹೊಡೆದು ಕೊನೆಗೆ ಕರಹಾಟಕಕ್ಕೆ, ಎಂದರೆ ಬೆಳಗಾವಿಗೆ ಉತ್ತರದಲ್ಲಿರುವ ಇಂದಿನ ಕರಾಡಕ್ಕೆ, ಬಂದುದನ್ನು ಅದು ಹೇಳುತ್ತದೆ. ವಿಮಲಚಂದ್ರರು ಅರಮನೆಯ ಬಾಗಿಲಿನಲ್ಲಿ ಪತ್ರವನ್ನು ಕಟ್ಟಿ ಶೈವ, ಪಾಶುಪತ, ಬೌದ್ಧ, ಕಾಪಾಲಿಕ, ಕಾಪಿಲರನ್ನು ಕರೆದುದನ್ನೂ ಹೇಳುತ್ತದೆ. ಆದರೆ ಸೋತವನ ಮನಸ್ಸು ಏನಾಯಿತೆಂಬುದನ್ನು ಈ ಪ್ರಶಸ್ತಿ ವಿಚಾರಿಸುವುದಿಲ್ಲ. ಪ್ರತಿವಾದಿ ಮೌನಿಯಾದನು, ಸಭೆ ಮೆಚ್ಚಿತು, ರಾಜನು ಮನ್ನಿಸಿದನು. ಅಲ್ಲಿಗೆ ಕಥನ ಮುಗಿಯುತ್ತದೆ. ಮೌನವು ಸಮ್ಮತಿಯೇ ಎಂಬುದು ವಿಚಾರಾರ್ಹ.

ಇದನ್ನು ಪರಿಶೀಲಿಸಲು ಜೈನರಿಗೆ ಅಪ್ರಿಯವಾದ ಶಾಸನವೊಂದೇ ಹೆಚ್ಚು ಉಪಯುಕ್ತ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮನಾಥ ದೇವಾಲಯದ ಈ ಶಾಸನವನ್ನು ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಲನಿರ್ದೇಶವಿಲ್ಲದಿದ್ದರೂ ಕ್ರಿ.ಶ. 1200ರ ಸುಮಾರಿನದೆಂದು ಅದನ್ನು ಗಣಿಸಲಾಗಿದೆ. ಆಳಂದೆಯ ಏಕಾಂತದ ರಾಮಯ್ಯನು ಹುಲಿಗೆರೆಯ ಮಾರ್ಗವಾಗಿ ಅಬ್ಬಲೂರಿಗೆ ಬಂದು, ಸಂಕಗಾವುಂಡನೇ ಮೊದಲಾದ ಜೈನರೊಡನೆ ವಿವಾದಕ್ಕಿಳಿದನು. ತಲೆಯನ್ನರಿದು ಶಿವನಿಗರ್ಪಿಸಿ ಮರಳಿ ಪಡೆದರೆ ಜಿನಪ್ರತಿಮೆಯ ಸ್ಥಾನದಲ್ಲಿ ಶಿವನನ್ನು ಪ್ರತಿಷ್ಠಿಸುವೆವೆಂದು ಜೈನರು ಓಲೆ ಬರೆದುಕೊಟ್ಟರು. ಏಳನೆಯ ದಿನ ತಲೆ ಮರಳಿ ಕೂಡಿತೆಂದು ಶಾಸನ ಹೇಳುತ್ತದೆ. ಆ ಪವಾಡದ ವಿಚಾರ ಇಲ್ಲಿ ಪ್ರಸ್ತುತವಲ್ಲ. ಅನಂತರ ನಡೆದುದೇ ಗಮನಾರ್ಹ. ಜೈನರು ಒಪ್ಪಂದವನ್ನು ನಡೆಸಲಿಲ್ಲ. ಪ್ರತಿಮೆಯನ್ನು ಕೆಡಿಸಬೇಡವೆಂದು ಬೇಡಿಕೊಂಡರು. ರಾಮಯ್ಯನು ಕೇಳದೆ ಅದನ್ನು ಭಂಗಿಸಿದನು. ಜೈನರು ಬಿಜ್ಜಳನಲ್ಲಿ ದೂರಿತ್ತರು. ರಾಮಯ್ಯನು ಅರಸನ ಮುಂದೆ ಆ ಓಲೆಯನ್ನು ಹಿಡಿದು, ಇನ್ನೂ ಹೆಚ್ಚಿನ ಬಸದಿಗಳನ್ನು ಪಣವಾಗಿಟ್ಟರೆ ಮತ್ತೊಮ್ಮೆ ತಲೆಯನ್ನರಿಯುವೆನೆಂದನು. ಹಾಳಾದ ಬಸದಿಯ ಅಳಲನ್ನು ಹೇಳಲು ಬಂದೆವೇ ಹೊರತು ಮತ್ತೆ ಪಣವೊಡ್ಡಲು ಬಂದವರಲ್ಲ ಎಂಬುದು ಜೈನರ ಉತ್ತರ. ಬಿಜ್ಜಳನು ಅವರನ್ನು ಕಳುಹಿಸಿ, ರಾಮಯ್ಯನಿಗೆ ಜಯಪತ್ರವನ್ನೂ ದೇವರಿಗೆ ದತ್ತಿಯನ್ನೂ ಕೊಟ್ಟನು.

ಗೆದ್ದವರೇ ಬರೆಯಿಸಿದ ಶಾಸನವಿದು. ಸೋತವರು ಮನಸಾರೆ ಒಪ್ಪಿದರೆಂದು ಬರೆಯಿಸಿಕೊಳ್ಳಲು ಅವರಿಗೆ ಅಡ್ಡಿಯೇನೂ ಇರಲಿಲ್ಲ. ಹಾಗಿದ್ದೂ ತಲೆ ಕೂಡಿದುದನ್ನು ಕಣ್ಣಾರೆ ಕಂಡವರು ಶ್ರದ್ಧೆಯನ್ನು ಬದಲಿಸಲಿಲ್ಲವೆಂದೇ ಅದು ದಾಖಲಿಸುತ್ತದೆ. ಬದಲಾದುದು ಗುಡಿ, ಪ್ರತಿಮೆ ಹಾಗೂ ದತ್ತಿಭೂಮಿಯ ಒಡೆತನ. ಓಲೆಯೂ ಜಯಪತ್ರವೂ ನ್ಯಾಯಪತ್ರಗಳೇ ಹೊರತು ಶ್ರದ್ಧಾಪತ್ರಗಳಲ್ಲ. ಪಣವೊಡ್ಡಿ ಓಲೆ ಬರೆದುಕೊಟ್ಟ ಅಬ್ಬಲೂರಿನ ಶ್ರಾವಕರ ನಡೆಯೂ ಶಾಸ್ತ್ರಸಮ್ಮತವಾಗಿರಲಿಲ್ಲವೆಂದು ಹೇಳಲೇಬೇಕಾಗುತ್ತದೆ. ತತ್ತ್ವನಿರ್ಣಯಕ್ಕೆ ಹೇತುವೇ ಹೊರತು ಪಣವು ಸಾಧನವಲ್ಲ.

ಅದೇ ಕಾಲದಲ್ಲಿ ಬೆಳಗಾವಿ ಪ್ರದೇಶದ ಸ್ಥಿತಿ ಬೇರೆಯಾಗಿತ್ತು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ 1204ರಲ್ಲಿ ದತ್ತಿ ಸಂದಿತು. ಖಾನಾಪುರ ತಾಲೂಕಿನ ಹಲಸಿಯ ಸಾಕ್ಷ್ಯ ಇನ್ನೂ ಹಳೆಯದು. ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿದ ಕದಂಬ ಮೃಗೇಶವರ್ಮನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಈ ಮೂರೂ ಸಂಘಗಳಿಗೆ ಒಟ್ಟಿಗೇ ಭೂಮಿಯನ್ನಿತ್ತನು. ಸ್ತ್ರೀಮುಕ್ತಿ, ಕೇವಲಿಭುಕ್ತಿಗಳ ವಿಷಯದಲ್ಲಿ ಯಾಪನೀಯರಿಗೂ ದಿಗಂಬರರಿಗೂ ಶತಮಾನಗಳ ಕಾಲ ಏಕಾಭಿಪ್ರಾಯ ಬರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಶಾಕಟಾಯನ ಪಾಲ್ಯಕೀರ್ತಿ ಈ ಎರಡು ವಿಷಯಗಳ ಮೇಲೆಯೇ ಪ್ರಕರಣಗಳನ್ನು ಬರೆದನು; ಪ್ರಭಾಚಂದ್ರರು ಆ ಪಕ್ಷವನ್ನು ಖಂಡಿಸಿದರು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಕೊನೆಗೆ ಯಾಪನೀಯ ಸಂಘ ಮರೆಯಾದುದು ವಾದದಲ್ಲಿ ಸೋತು ಅಲ್ಲ. ಅದರ ಅನುಯಾಯಿಗಳು ಕ್ರಮೇಣ ದಿಗಂಬರ ಸಮಾಜದಲ್ಲಿ ಬೆರೆತುಹೋದುದರಿಂದ. ಇಂದು ಬೆಳಗಾವಿಯಲ್ಲಿ ಕೋಟೆಯೊಳಗೆ ಕಮಲ ಬಸದಿಯೂ ಶಿವಬಸವ ನಗರದಲ್ಲಿ ನಾಗನೂರು ರುದ್ರಾಕ್ಷಿಮಠವೂ ಒಂದೇ ಊರಿನಲ್ಲಿವೆ. ಅಬ್ಬಲೂರಿನ ಓಲೆ ಈ ಎರಡು ಸಮಯಗಳ ನಡುವೆ ಏನನ್ನೂ ತೀರ್ಮಾನಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ರಾಜಸಭೆಯ ಶಿಷ್ಟ ವಾದದ ಫಲವಾದರೂ ಭಿನ್ನವೇ? ಸಿದ್ಧರಾಜ ಜಯಸಿಂಹನ ಅಣಹಿಲಪುರದ ಸಭೆಯಲ್ಲಿ 1125ರ ಸುಮಾರಿಗೆ ಕರ್ನಾಟಕದಿಂದ ಹೋದ ದಿಗಂಬರ ಕುಮುದಚಂದ್ರರಿಗೂ ಶ್ವೇತಾಂಬರ ವಾದಿ ದೇವಸೂರಿಗಳಿಗೂ ವಾದ ನಡೆಯಿತು. ಕುಮುದಚಂದ್ರರು ಸೋತು ಪಟ್ಟಣವನ್ನು ಬಿಟ್ಟರೆಂದು ಶ್ವೇತಾಂಬರ ಪ್ರಬಂಧಗಳು ಹೇಳುತ್ತವೆ. ಯಶಶ್ಚಂದ್ರನು ಇದನ್ನೇ ನಾಟಕವಾಗಿಸಿದನು. ಅಲ್ಲಿಯೂ ಬದಲಾದುದು ಆ ನಗರದಲ್ಲಿರುವ ಹಕ್ಕು. ದಿಗಂಬರ ಸಂಘದ ಸಿದ್ಧಾಂತದಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ವಿಶೇಷವೆಂದರೆ ಈ ಮಿತಿಯನ್ನು ದೇವಸೂರಿಗಳೇ ಅರಿತಿದ್ದರು. ಪ್ರಮಾಣನಯತತ್ತ್ವಾಲೋಕದ ಕೊನೆಯ ಪರಿಚ್ಛೇದದಲ್ಲಿ ಅವರು ವಾದವನ್ನಾರಂಭಿಸುವವನನ್ನು ಜಿಗೀಷು ಮತ್ತು ತತ್ತ್ವನಿರ್ಣಿನೀಷು ಎಂದು ಇಬ್ಬಗೆಯಾಗಿ ವಿಂಗಡಿಸುತ್ತಾರೆ. ಎರಡನೆಯವನಲ್ಲಿ ಮತ್ತೆ ಎರಡು ಭೇದ: ತನ್ನಲ್ಲಿ ನಿರ್ಣಯವನ್ನು ಬಯಸುವವನು, ಪರನಲ್ಲಿ ಬಯಸುವವನು. ಜಿಗೀಷುಗಳು ಎದುರಾದಲ್ಲಿ ವಾದಿ, ಪ್ರತಿವಾದಿ, ಸಭ್ಯ, ಸಭಾಪತಿ ಎಂಬ ಚತುರಂಗ ಬೇಕೇ ಬೇಕು. ತನಗಾಗಿ ತತ್ತ್ವವನ್ನು ಅರಸುವವನಿಗೆ ಸಭಾಪತಿಯ ಅಗತ್ಯವಿಲ್ಲ. ಹಾಗಾದರೆ ಶಾಸನಗಳಲ್ಲಿ ಉಳಿದುಬಂದಿರುವುದೆಲ್ಲ ಮೊದಲನೆಯ ಬಗೆಯ ವಾದವೇ. ಎರಡನೆಯದಕ್ಕೆ ಜಯಪತ್ರವೂ ಇಲ್ಲ, ಆದಕಾರಣ ಕಲ್ಲಿನ ದಾಖಲೆಯೂ ಇಲ್ಲ. ಅದನ್ನು ಪುರಾಣಗಳಲ್ಲಿಯೂ ಕಥಾಕೋಶಗಳಲ್ಲಿಯೂ ಹುಡುಕಬೇಕು.

ಜಿನಸೇನರ ಮಹಾಪುರಾಣದಲ್ಲಿಯೂ ಅದನ್ನನುಸರಿಸಿದ ಪಂಪನ ಆದಿಪುರಾಣದಲ್ಲಿಯೂ (941) ಬರುವ ಮಹಾಬಲ ಕಥಾನಕವು ಈ ದೃಷ್ಟಿಯಿಂದ ಪುನಃ ಪರಿಶೀಲನಾರ್ಹ. ಅಲಕಾಪುರದ ವಿದ್ಯಾಧರ ಚಕ್ರಿ ಮಹಾಬಲನ ವರ್ಷವರ್ಧನ ಮಹೋತ್ಸವದಲ್ಲಿ ಸ್ವಯಂಬುದ್ಧನು ಧರ್ಮಫಲವನ್ನು ಹೇಳಲು, ಉಳಿದ ಮೂವರು ಮಂತ್ರಿಗಳು ಎದುರು ನಿಲ್ಲುತ್ತಾರೆ. ಮಹಾಮತಿಯದು ಭೂತವಾದ, ಸಂಭಿನ್ನಮತಿಯದು ವಿಜ್ಞಾನವಾದ, ಶತಮತಿಯದು ಶೂನ್ಯವಾದ. ಸ್ವಯಂಬುದ್ಧನು ಮೂರನ್ನೂ ಖಂಡಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ ಅರವಿಂದ, ದಂಡ, ಶತಬಲ, ಸಹಸ್ರಬಲರ ಕಥೆಗಳನ್ನು, ಎಂದರೆ ಅರಸನ ಸ್ವಂತ ವಂಶದಲ್ಲಿ ನಡೆದುದನ್ನೇ, ದೃಷ್ಟಾಂತವಾಗಿ ಕೊಡುತ್ತಾನೆ. ಸಭೆ ಮೆಚ್ಚುತ್ತದೆ, ಅರಸನು ಮನ್ನಿಸುತ್ತಾನೆ. ಪ್ರಶಸ್ತಿಶಾಸನವಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಪುರಾಣಕಾರರು ಮುಂದುವರಿಯುತ್ತಾರೆ. ಗೆದ್ದ ಸ್ವಯಂಬುದ್ಧನು ಮೇರುವಿನ ಚೈತ್ಯಗಳ ವಂದನೆಗೆ ಹೋದಾಗ ಚಾರಣಮುನಿಗಳನ್ನು ಕಂಡು ಕೇಳುವುದು ಒಂದೇ ಪ್ರಶ್ನೆ: ತನ್ನೊಡೆಯನು ಭವ್ಯನೋ ಅಭವ್ಯನೋ? ಸಭೆಯಲ್ಲಿ ಗೆದ್ದುದು ಅರಸನ ಅಂತರಂಗದಲ್ಲಿ ನೆಲೆಸಿತೇ ಎಂಬುದು ಗೆದ್ದವನಿಗೇ ತಿಳಿಯದು. ಮುನಿಗಳು ಅವನು ಭವ್ಯನೆಂದು ತಿಳಿಸಿ, ಮೂವರು ಮಂತ್ರಿಗಳು ತನ್ನನ್ನು ಕೆಸರಿನಲ್ಲಿ ತುಳಿದಂತೆಯೂ ಸ್ವಯಂಬುದ್ಧನು ಎತ್ತಿದಂತೆಯೂ ಅರಸನು ಕಂಡ ಸ್ವಪ್ನವನ್ನೂ, ಆಯುಷ್ಯ ಒಂದೇ ತಿಂಗಳು ಉಳಿದಿರುವುದನ್ನೂ ಹೇಳುತ್ತಾರೆ. ಅದನ್ನು ಕೇಳಿದ ಮೇಲೆಯೇ ಮಹಾಬಲನು ರಾಜ್ಯವನ್ನು ತ್ಯಜಿಸಿ 22 ದಿನಗಳ ಸಲ್ಲೇಖನವನ್ನು ಕೈಕೊಂಡನು. ತರ್ಕವು ಸಂಶಯವನ್ನು ಸಡಿಲಿಸಿತ್ತು. ಬಿಡುವಂತೆ ಮಾಡಿದುದು ಮರಣದ ಸಾಮೀಪ್ಯ ಮತ್ತು ಸ್ವಾನುಭವ.

ಪ್ರತಿವಾದಿಗಳ ಗತಿಯೇನಾಯಿತು? ಮೂವರಲ್ಲಿ ಒಬ್ಬನೂ ಆ ದಿನ ಮನಸ್ಸನ್ನು ಬದಲಿಸಲಿಲ್ಲ. ಮಹಾಮತಿ, ಸಂಭಿನ್ನಮತಿಗಳು ನಿಗೋದಕ್ಕೆ, ಶತಮತಿ ಎರಡನೆಯ ನರಕಕ್ಕೆ ಹೋದರು. ಎಷ್ಟೋ ಕಾಲದ ಅನಂತರ ಮಹಾಬಲನ ಜೀವವು ಶ್ರೀಧರದೇವನಾಗಿ ಆ ನರಕಕ್ಕೆ ಹೋಗಿ ಶತಮತಿಯನ್ನು ಹೆಸರು ಹಿಡಿದು ಎಚ್ಚರಿಸಿದಾಗ ಅವನಿಗೆ ಸಮ್ಯಕ್ತ್ವ ಉಂಟಾಯಿತು. ಅಂದು ವಾದವನ್ನು ಕೇಳುತ್ತಿದ್ದ ಅರಸನೇ ಭವಾಂತರದಲ್ಲಿ ಉಪದೇಶಕನಾದನೆಂಬುದು ಹೃದಯಸ್ಪರ್ಶಿಯಾದ ಯೋಜನೆ. ವ್ಯಾಖ್ಯಾನಕಾರರು ಈ ಭಾಗಕ್ಕೆ ಸಲ್ಲಬೇಕಾದಷ್ಟು ಗಮನ ಕೊಟ್ಟಿಲ್ಲ.

ಜನ್ನನ ಯಶೋಧರಚರಿತೆಯಲ್ಲಿ (1209) ತಳಾರ ಚಂಡಕರ್ಮನು ಕಳ್ಳರ ದೇಹವನ್ನು ಸೀಳಿಯೂ ತೂಗಿಯೂ ಜೀವವನ್ನು ಕಾಣಲಿಲ್ಲವೆಂದು ಅಕಂಪನ ಮುನಿಗಳೆದುರು ವಾದಿಸುತ್ತಾನೆ. ಮುನಿಗಳ ಉತ್ತರದಿಂದ ಅವನು ತಿದ್ದಿಕೊಂಡನು, ನಿಜ. ಆದರೆ ಆ ಮಾತಿನಿಂದ ಜಾತಿಸ್ಮರಣೆ ಪಡೆದು ಕೂಗಿದವು ಪಕ್ಕದಲ್ಲಿದ್ದ ಕೋಳಿಗಳು. ವಾದದ ಫಲವು ಎದುರು ಕುಳಿತವನಿಗಿಂತ ಬದಿಯಲ್ಲಿ ಕೇಳುವವನಿಗೆ ಹೆಚ್ಚು ದಕ್ಕುತ್ತದೆಂಬುದನ್ನು ಕವಿ ಬಲ್ಲನು.

ಸಿದ್ಧಾಂತದ ದೃಷ್ಟಿಯಿಂದ ಇದರಲ್ಲಿ ಆಶ್ಚರ್ಯವಿಲ್ಲ. ಸಮ್ಯಕ್ತ್ವಪ್ರಾಪ್ತಿಗೆ ಹೇಳಿರುವ ಕ್ಷಯೋಪಶಮ, ವಿಶುದ್ಧಿ, ದೇಶನಾ, ಪ್ರಾಯೋಗ್ಯ, ಕರಣ ಎಂಬ ಪಂಚಲಬ್ಧಿಗಳಲ್ಲಿ ಪರೋಪದೇಶವು ಮೂರನೆಯದು ಮಾತ್ರ. ಮೊದಲ ನಾಲ್ಕು ಅಭವ್ಯನಿಗೂ ಸಾಧ್ಯ; ಕರಣಲಬ್ಧಿ ಭವ್ಯನಿಗೇ. ಉಪದೇಶವು ಬಾಹ್ಯ ನಿಮಿತ್ತ. ಅದು ವ್ಯರ್ಥವೆಂದಲ್ಲ, ಸಾಲದೆಂದು.

ಪಾತ್ರಕೇಸರಿಯ ಕಥೆ ಇನ್ನೊಂದು ಸೂಚನೆಯನ್ನು ಕೊಡುತ್ತದೆ. ಅಹಿಚ್ಛತ್ರದ ಈ ವೈದಿಕ ವಿದ್ವಾಂಸನು ಪಾರ್ಶ್ವನಾಥ ಚೈತ್ಯದಲ್ಲಿ ಮುನಿಯೊಬ್ಬರು ದೇವಾಗಮ ಸ್ತೋತ್ರವನ್ನು ಪಠಿಸುವುದನ್ನು ಕೇಳಿ ಅರ್ಥವನ್ನು ಕೇಳಿದನು. ತಮಗೆ ಅರ್ಥ ತಿಳಿಯದೆಂದರು ಮುನಿಗಳು. ಮತ್ತೊಮ್ಮೆ ಪಠಿಸಬೇಕೆಂದು ಬೇಡಿ, ಧಾರಣ ಮಾಡಿಕೊಂಡು, ಒಬ್ಬನೇ ಚಿಂತಿಸಿ ಅವನು ಶ್ರದ್ಧೆಯನ್ನು ತಳೆದನು. ಅನುಮಾನಲಕ್ಷಣದ ಬಗ್ಗೆ ಉಳಿದ ಸಂಶಯವು ಪದ್ಮಾವತಿಯ ಅನುಗ್ರಹದಿಂದ ಪರಿಹಾರವಾಯಿತು. ಇವನೇ ವಿದ್ಯಾನಂದನೆಂದು ಹಿಂದೆ ಭ್ರಮಿಸಲಾಗಿತ್ತು. ಇಬ್ಬರೂ ಬೇರೆಯೆಂದು ಜುಗಲಕಿಶೋರ ಮುಖ್ತಾರರು ತೋರಿಸಿದರು. ಇಲ್ಲಿ ವಾದಿಯಿಲ್ಲ, ಸಭ್ಯರಿಲ್ಲ. ಸಮಂತಭದ್ರರ ಭೇರಿಯಿಂದಾಗದ ಕಾರ್ಯವು ಅವರ ಗ್ರಂಥದಿಂದ, ಅದೂ ಅರ್ಥವರಿಯದ ಕಂಠದ ಮೂಲಕ, ಆಯಿತು.

ಪಾತ್ರಕೇಸರಿಯ ತ್ರಿಲಕ್ಷಣಕದರ್ಥನ ಇಂದು ಉಪಲಬ್ಧವಿಲ್ಲ. ಆದರೆ ಬೌದ್ಧ ಶಾಂತರಕ್ಷಿತನು ಖಂಡನೆಗಾಗಿ ಪಾತ್ರಸ್ವಾಮಿಯ ಮತವನ್ನು ತತ್ತ್ವಸಂಗ್ರಹದಲ್ಲಿ ಉದ್ಧರಿಸಿದ್ದರಿಂದ ಅದರ ತಿರುಳು ಉಳಿಯಿತು. ಆ ತತ್ತ್ವಸಂಗ್ರಹವಾದರೋ ಉಳಿದುಬಂದುದು ಜೈನ ಭಂಡಾರಗಳಲ್ಲಿ. ಇದಕ್ಕಿಂತ ವಿಸ್ಮಯಕರವಾದುದು ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹದ ಇತಿಹಾಸ. ಯಾವ ಪ್ರಮಾಣವನ್ನೂ ಯಾವ ತತ್ತ್ವವನ್ನೂ ಒಪ್ಪದ ಈ ಗ್ರಂಥವು ಲೋಕಾಯತ ಪಕ್ಷದ ಕಡೆಯಿಂದ ಉಳಿದಿರುವ ಏಕೈಕ ಸ್ವತಂತ್ರ ಕೃತಿಯೆಂದು ಹಲವರು ಎಣಿಸುತ್ತಾರೆ. ವಿದ್ಯಾನಂದರು ಅಷ್ಟಸಹಸ್ರಿಯಲ್ಲಿ ತತ್ತ್ವೋಪಪ್ಲವವಾದಿಯನ್ನು ವಿಸ್ತಾರವಾಗಿ ಪೂರ್ವಪಕ್ಷವಾಗಿಸಿ ಖಂಡಿಸಿದ್ದಾರೆ. ಅದನ್ನು ಒಪ್ಪಿದ ಸಂಪ್ರದಾಯವೊಂದೂ ಉಳಿಯಲಿಲ್ಲ. ಒಪ್ಪದವರು ಅದನ್ನು ಓಲೆಯಲ್ಲಿ ಪ್ರತಿಮಾಡಿಸಿ ರಕ್ಷಿಸಿದರು. 1926ರಲ್ಲಿ ಪಾಟಣದ ಜೈನ ಭಂಡಾರದಲ್ಲಿ ದೊರೆತ ಆ ತಾಡಪತ್ರ ಪ್ರತಿಯನ್ನು ಆಧರಿಸಿ ಪಂಡಿತ ಸುಖಲಾಲಜಿ ಮತ್ತು ರಸಿಕಲಾಲ ಪರೀಖರು 1940ರಲ್ಲಿ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದನ್ನು ಪ್ರಕಟಿಸಿದರು.