ನಾಲ್ಕಾಣೆಯ ಸದಸ್ಯತ್ವ

ರಾಜಕೀಯ ಉದ್ದೇಶವುಳ್ಳ ಒಂದು ಸಂಸ್ಥೆಗೆ ಸದಸ್ಯನಾಗಬೇಕೆ, ಬೇಡವೆ ಎಂಬ ಪ್ರಶ್ನೆ ಪರಸ್ಥಳದಲ್ಲಿ ನೆಲಸಿದ ಸಂಸಾರಸ್ಥನಿಗೆ ಎಂದಾದರೊಮ್ಮೆ ಎದುರಾಗುವುದುಂಟು. ರಸೀದಿ ಪುಸ್ತಕ ಹಿಡಿದು ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಸಂಕೋಚ. ಹೆಸರು ಬರೆಸಲು ಅಂಜಿಕೆ. ಈ ಪ್ರಶ್ನೆ ಹೊಸದೇನೂ ಅಲ್ಲ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರ ಮುಂದೆಯೂ ಇದು ನಿಂತಿತ್ತು. ಅವರು ಕೊಟ್ಟ ಉತ್ತರದಲ್ಲಿ ನಾವಿಂದು ಆಚರಿಸುವ ರಾಜ್ಯೋತ್ಸವದ ಒಂದು ಬೇರು ಅಡಗಿದೆ.

1885ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕಾಂಗ್ರೆಸ್ಸು ಬಹುಕಾಲ ವಿದ್ಯಾವಂತರ ವಾರ್ಷಿಕ ಕೂಟದಂತಿತ್ತು. 1920ರ ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನವು ಅದರ ಸ್ವರೂಪವನ್ನೇ ಬದಲಿಸಿತು. ಇಪ್ಪತ್ತೊಂದು ವರ್ಷ ತುಂಬಿದವರು, ನ್ಯಾಯವೂ ಶಾಂತಿಯುತವೂ ಆದ ಮಾರ್ಗದಿಂದ ಸ್ವರಾಜ್ಯ ಪಡೆಯುವ ಧ್ಯೇಯಕ್ಕೆ ಬರಹದಲ್ಲಿ ಒಪ್ಪಿಗೆಯಿತ್ತು, ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸದಸ್ಯರಾಗಬಹುದೆಂದು ನಿಯಮವಾಯಿತು. ಅದೇ ಅಧಿವೇಶನದಲ್ಲಿ ಪ್ರಾಂತಿಕ ಸಮಿತಿಗಳನ್ನು ಭಾಷೆಗೆ ಅನುಸಾರವಾಗಿ ವಿಂಗಡಿಸುವ ನಿರ್ಣಯವೂ ಆಯಿತು.

ಇದರ ಮಹತ್ವವನ್ನು ಕನ್ನಡಿಗರು ಚೆನ್ನಾಗಿ ಅರಿತಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಇಲಾಖೆಯಲ್ಲಿ; ಬಳ್ಳಾರಿ, ದಕ್ಷಿಣ ಕನ್ನಡಗಳು ಮದ್ರಾಸಿನಲ್ಲಿ; ಬೀದರ, ಗುಲಬರ್ಗಾ, ರಾಯಚೂರುಗಳು ನಿಜಾಮರ ಕೈಯಲ್ಲಿ; ಮೈಸೂರು, ಕೊಡಗು ಬೇರೆ ಬೇರೆ. ಎಲ್ಲಿಯೂ ಕನ್ನಡಿಗನ ಮಾತೇ ಮೇಲಿನ ಮಾತಲ್ಲ. ಅದೇ ವರ್ಷ ಧಾರವಾಡದಲ್ಲಿ, ಮೈಸೂರಿನ ಮಾಜಿ ದಿವಾನರಾದ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನೆರೆದ ರಾಜಕೀಯ ಪರಿಷತ್ತು ಏಕೀಕರಣದ ನಿರ್ಣಯ ಮಾಡಿತ್ತು. ನಾಗಪುರದ ಬಳಿಕ ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ಪ್ರಾಂತಿಕ ಸಮಿತಿ ತಲೆಯೆತ್ತಿತು. ಸರಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕವು ನಾಲ್ಕಾಣೆಯ ಸದಸ್ಯರ ಪಟ್ಟಿಯಲ್ಲಿ, ರಾಜ್ಯ ಬರುವ 36 ವರ್ಷ ಮೊದಲೇ, ಅಸ್ತಿತ್ವಕ್ಕೆ ಬಂದಿತೆನ್ನಬಹುದು.

ಆದರೂ ನಾಲ್ಕಾಣೆಯೊಂದೇ ಬೆಲೆಯಾಗಿರಲಿಲ್ಲ. ಸರಕಾರಿ ನೌಕರನಿಗೆ ನೌಕರಿಯ ಭಯ. ಅಸಹಕಾರ ಕೈಕೊಂಡ ವಕೀಲನಿಗೆ ವೃತ್ತಿಯ ತ್ಯಾಗ. ಹೊರಗುಳಿದವರೆಲ್ಲ ಹೇಡಿಗಳೆನ್ನುವುದೂ ಸರಿಯಲ್ಲ. ಮಾರ್ಗವು ಒಪ್ಪಿಗೆಯಾಗದೆ ದೂರ ಸರಿದವರೂ ಇದ್ದರು. ನಾಗಪುರದಲ್ಲಿ ಅಸಹಕಾರವನ್ನು ವಿರೋಧಿಸಿದ ಜಿನ್ನಾ ಅವರು ಕಾಂಗ್ರೆಸ್ಸನ್ನೇ ಬಿಟ್ಟರು. ಧ್ಯೇಯವನ್ನು ಒಪ್ಪುವುದು ಬೇರೆ, ಮಾರ್ಗವನ್ನು ಒಪ್ಪುವುದು ಬೇರೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನಕ್ಕೆ ಗಾಂಧೀಜಿಯವರು ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಅಲ್ಲಿಯೇ ಸೇರಿತು. ಅಲ್ಲಿ ಕಾಂಗ್ರೆಸ್ ಸದಸ್ಯತ್ವದ ಬೆಲೆ ನಾಣ್ಯದಿಂದ ನೂಲಿಗೆ ಬದಲಾಯಿತು: ತಿಂಗಳಿಗೆ 2,000 ಗಜ, ಅಂದರೆ ಒಂದು ಮೈಲಿಗೂ ಮಿಕ್ಕಿದ ನೂಲು. ದುಡ್ಡು ಕೊಟ್ಟು ಮರೆತುಬಿಡುವವನು ಸದಸ್ಯನಲ್ಲ, ದುಡಿಯುವವನೇ ಸದಸ್ಯನೆಂಬುದು ಇದರ ಭಾವ. ಭಾವವು ಉದಾತ್ತವಾದರೂ ಜನಕ್ಕೆ ಭಾರವಾಯಿತು; 1925ರಲ್ಲಿ ಪಾಟ್ನಾದಲ್ಲಿ ನಾಲ್ಕಾಣೆಯನ್ನು ಮತ್ತೆ ತೆರೆದಿಟ್ಟು, ನೂಲನ್ನು ಇಷ್ಟವಿದ್ದವರಿಗೆ ಬಿಡಲಾಯಿತು. 1934ರಲ್ಲಿ ಗಾಂಧೀಜಿಯವರೇ ನಾಲ್ಕಾಣೆಯ ಸದಸ್ಯತ್ವವನ್ನೂ ಬಿಟ್ಟು ಹೊರಬಂದರು. ದೇಶಸೇವೆಯನ್ನು ಅವರು ಬಿಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕನ್ನಡಿಗ ಸದಸ್ಯರಿಗೆ ಇನ್ನೂ ಕಠಿಣವಾದ ಪರೀಕ್ಷೆ ಒದಗಿತು. ಭಾಷಾಪ್ರಾಂತಗಳ ಮಾತು ಕೊಟ್ಟ ಸಂಸ್ಥೆಯೇ ಅಧಿಕಾರಕ್ಕೆ ಬಂದು ಹಿಂಜರಿಯಿತು. ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಇವರ ಸಮಿತಿ 1949ರಲ್ಲಿ ಭಾಷಾವಾರು ರಚನೆಯನ್ನು ಮುಂದಕ್ಕೆ ಹಾಕುವುದು ಲೇಸೆಂದಿತು. ಒಳಗಿರಬೇಕೋ, ಹೊರಬರಬೇಕೋ? ಎಸ್. ನಿಜಲಿಂಗಪ್ಪನವರಂಥವರು ಒಳಗಿದ್ದೇ ಒತ್ತಾಯ ತಂದರು. ಇನ್ನು ಕೆಲವರು 1953ರಲ್ಲಿ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತನ್ನು ಕಟ್ಟಿದರು. ಅದೇ ವರ್ಷ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೈಕೊಂಡರು. ಹುಬ್ಬಳ್ಳಿಯಲ್ಲಿ ಜನರ ಅಸಮಾಧಾನ ಸ್ಫೋಟಗೊಂಡಿತು. ವರ್ಷಾಂತ್ಯಕ್ಕೆ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಒಳಗಿನವರ ತಾಳ್ಮೆ, ಹೊರಗಿನವರ ಕೂಗು, ಎರಡೂ ಕೂಡಿದಾಗಲೇ ಫಲ ಕೈಗೂಡಿತೆಂಬುದನ್ನು ಮರೆಯಲಾಗದು.

ಆದುದರಿಂದ ಹೆಸರು ಬರೆಸುವ ಮುನ್ನ ಮೂರು ಮಾತನ್ನು ವಿಚಾರಿಸಿಕೊಳ್ಳುವುದು ಒಳಿತು. ಈ ಸಂಸ್ಥೆಯ ಧ್ಯೇಯವಷ್ಟೇ ಅಲ್ಲ, ಮಾರ್ಗವೂ ನನಗೆ ಒಪ್ಪಿಗೆಯೆ? ವರ್ಗಣಿಯ ಹೊರತು ನನ್ನಿಂದ ಏನು ದುಡಿಮೆ ಬೇಡುತ್ತದೆ, ಅದನ್ನು ಕೊಡಬಲ್ಲೆನೆ? ಅಲ್ಲಿ ನನ್ನ ಮಾತಿಗೆ ಬೆಲೆಯುಂಟೆ, ಲೆಕ್ಕಪತ್ರ ಕೇಳುವ ಹಕ್ಕುಂಟೆ, ಭಿನ್ನಾಭಿಪ್ರಾಯ ಬಂದರೆ ಮರ್ಯಾದೆಯಿಂದ ಹೊರಬರುವ ದಾರಿಯುಂಟೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಿಸ್ಸಂಕೋಚವಾಗಿ ಸೇರಬೇಕು. ಇಲ್ಲವೆಂದು ಬಂದರೆ ವಿನಯದಿಂದ ಒಲ್ಲೆನೆನ್ನಬೇಕು. ನೆರೆಯವರು ಸೇರಿದರೆಂದು ಸೇರುವುದೂ, ನೆರೆಯವರು ಏನೆಂದಾರೋ ಎಂದು ಸೇರದಿರುವುದೂ ನಾಲ್ಕಾಣೆ ಕೊಟ್ಟು ನಾಡು ಕಟ್ಟಿದವರ ಮಕ್ಕಳಿಗೆ ಒಪ್ಪುವ ಮಾತಲ್ಲ.