ಗುಬ್ಬಿಗೆ ಬಂದು ನಿಂತ ರೈಲು

ಮುಂಗಡಪತ್ರದ ಕಾಲ ಬಂದಾಗಲೆಲ್ಲ ವಿಧಾನಸೌಧದಲ್ಲಿ ಕೇಂದ್ರದಿಂದ ಬರಬೇಕಾದ ಪಾಲಿನ ಮಾತು ಏಳುತ್ತದೆ. ಇದು ಇಂದು ನಿನ್ನೆಯ ತಕರಾರಲ್ಲ. ತುಮಕೂರು ದಾಟಿ ಗುಬ್ಬಿಗೆ ಹೋಗುವ ರೈಲು ಹಳಿಗೂ ಇದಕ್ಕೂ ನಂಟಿದೆ.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಿವಾನ ರಂಗಾಚಾರ್ಲು ಅವರ ಪಾಲಿಗೆ ಬಂದದ್ದು ಬಡಕಲು ಬೊಕ್ಕಸ. 1876-78ರ ಕ್ಷಾಮದ ಬಾಬ್ತು 80 ಲಕ್ಷ ರೂಪಾಯಿ ಸಾಲವಿತ್ತು. ವರ್ಷದ ವರಮಾನ ಸುಮಾರು ಒಂದು ಕೋಟಿ, ಅದರಲ್ಲಿ 24.5 ಲಕ್ಷ ಬ್ರಿಟಿಷರಿಗೆ ಪೊಗದಿ, ಎಂದರೆ ಕಪ್ಪ. ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಈ ಏರಿಕೆ 1896ರವರೆಗೆ ಮುಂದಕ್ಕೆ ಹೋದದ್ದೇ ಸಂಸ್ಥಾನದ ಪುಣ್ಯ.

ಕ್ಷಾಮದಲ್ಲಿ ಧಾನ್ಯ ಸಾಗಿಸಲಾಗದೆ ಪಟ್ಟ ಪಾಡು ರೈಲಿನ ಅಗತ್ಯವನ್ನು ಮನಗಾಣಿಸಿತ್ತು. ಸಂಸ್ಥಾನವೇ ಹಣ ಹೊಂದಿಸಿ ಹಾಕಿಸಿದ ಹಳಿ 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿ ಮುಟ್ಟಿತು. ಅಲ್ಲಿಂದ ಮುಂದಕ್ಕೆ ಬೊಕ್ಕಸದ ಬಲ ಸಾಲಲಿಲ್ಲ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಲಂಡನ್ನಿನಲ್ಲಿ ಸಾಲ ಎತ್ತಿ, ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯ ವಶಕ್ಕೆ ಒಪ್ಪಿಸಬೇಕಾಯಿತು. 1889ರಲ್ಲಿ ರೈಲು ಹರಿಹರ ತಲಪಿತು, ನಿಜ. ಆದರೆ ಹಿಡಿತ ಕೈತಪ್ಪಿತ್ತು.

ಪೊಗದಿಯ ಕಾಲ ಮುಗಿದಿದೆ. ಈಗ ತೆರಿಗೆ ಹಂಚಿಕೆಯನ್ನು ಸಂವಿಧಾನದ 280ನೇ ವಿಧಿಯಂತೆ ನೇಮಕವಾಗುವ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಇದು ಆಳುವವರಿಗೆ ತೆರುವ ಕಪ್ಪವಲ್ಲ, ಒಕ್ಕೂಟದೊಳಗಿನ ಪಾಲು. ಬಡ ರಾಜ್ಯಕ್ಕೆ ಹೆಚ್ಚು ಸಿಗಬೇಕೆಂಬುದೂ ನ್ಯಾಯವೇ. ಆದರೆ 14ನೇ ಆಯೋಗ ಶೇಕಡ 4.713 ಎಂದಿದ್ದ ಕರ್ನಾಟಕದ ಪಾಲನ್ನು 15ನೇ ಆಯೋಗವು 2021-26ರ ಅವಧಿಗೆ ಶೇಕಡ 3.647ಕ್ಕೆ ಇಳಿಸಿತು. ಮೇಲಾಗಿ ಸೆಸ್ ಮತ್ತು ಸರ್‌ಚಾರ್ಜ್‌ಗಳ ಹಣ ಈ ಹಂಚಿಕೆಗೆ ಬರುವುದೇ ಇಲ್ಲ. ಯೋಜನೆ ಹಾಕುವವರು ಒಬ್ಬರು, ಹಣದ ಗಂಟು ಇನ್ನೊಬ್ಬರ ಬಳಿ ಎಂಬ ಹಳೆಯ ಸ್ಥಿತಿ ಪೂರ್ತಿ ತೊಲಗಿಲ್ಲ.

ಇದೇ ನ್ಯಾಯ ರಾಜ್ಯದೊಳಗೂ ಸಲ್ಲಬೇಕು. ಹೇಮಾವತಿ ನೀರನ್ನು ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಕಾಲುವೆಗೆ 2024 ಮತ್ತು 2025ರಲ್ಲಿ ಜಿಲ್ಲೆಯಲ್ಲಿ ತೀವ್ರ ವಿರೋಧ ಎದ್ದಿತು. ನಮ್ಮ ಪಾಲಿನ ನೀರು ಕಾಲುವೆಯ ಕೊನೆಗೆ ತಲಪುವುದೇ ಇಲ್ಲ ಎಂಬುದು ಕುಣಿಗಲ್ಲಿನವರ ಅಳಲು. ನಮ್ಮ ಪಾಲಿಗೆ ಕೊರತೆ ಬೀಳುತ್ತದೆ ಎಂಬುದು ಗುಬ್ಬಿಯವರ ಭಯ. ದಿಲ್ಲಿಯಲ್ಲಿ ನಾವು ಕೇಳುವುದು ಲೆಕ್ಕ ಮುಂದಿಟ್ಟು, ಎಲ್ಲರನ್ನೂ ಕೂರಿಸಿಕೊಂಡು ಮಾಡುವ ಹಂಚಿಕೆಯನ್ನು. ಬೆಂಗಳೂರು ಅದನ್ನು ಗುಬ್ಬಿಗೂ ಕುಣಿಗಲ್ಲಿಗೂ ಕೊಟ್ಟಾಗಲೇ ಆ ಬೇಡಿಕೆಗೆ ತೂಕ ಬರುವುದು.